ಬದುಕಿದ್ದವರಿಗೆ ಇಟ್ಟ ಎಡೆ

ಶಾರದಾ, ನಿಮ್ಮಪ್ಪ ಸತ್ತಿರಲಿಲ್ಲ. ಸತ್ತರೆಂದು ನಾನು ಹೇಳಿದೆ, ಅಷ್ಟೇ. ನಾನು ಹೇಳಿದ ಮೇಲೂ ಅವರು ಬಹಳ ವರ್ಷ ಬದುಕಿದ್ದರು — ಕಡೆಕಡೆಗೆ ನಮ್ಮ ಗುಬ್ಬಿಯ ಮನೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ನಿಟ್ಟೂರಿನಲ್ಲಿ, ಸೈಕಲ್ಲುಗಳಿಗೆ ಪಂಕ್ಚರ್ ಹಾಕಿಕೊಂಡು. ಪ್ರತಿ ಮಹಾಲಯ ಅಮಾವಾಸ್ಯೆಗೆ ನೀನು ಅವರ ಎಡೆಯ ಮುಂದೆ ಅಡ್ಡಬಿದ್ದು ಮೂಗೊರೆಸಿಕೊಳ್ಳುತ್ತಿದ್ದೆಯಲ್ಲ, ಆ ಹೊತ್ತಿಗೆ ಅವರು ಎಲ್ಲೋ ಕೂತು ಮುದ್ದೆ ಉಣ್ಣುತ್ತಿದ್ದಿರಬೇಕು.

ಇಷ್ಟು ಬರೆದು, ಭೂಮಿ ಬಿರಿಯುತ್ತದೇನೋ ಎಂದು ನೆಲ ನೋಡಿದೆ. ಬಿರಿಯಲಿಲ್ಲ. ಒಳಗೆ ಹಾಲು ಉಕ್ಕಿತು. ಒಲೆ ಒರೆಸಿ ಬಂದು ಮತ್ತೆ ಕೂತಿದ್ದೇನೆ.

ನಮ್ಮ ಬಡತನವನ್ನು ನಿನಗೆ ವರ್ಣಿಸಲು ಹೋಗುವುದಿಲ್ಲ. ಅದನ್ನು ವರ್ಣಿಸುವವರು ಬೇಕಾದಷ್ಟು ಜನ ಇದ್ದಾರೆ, ಅನುಭವಿಸಿದವರಿಗೆ ಪುರಸೊತ್ತು ಸಿಗುವುದು ಕಡಿಮೆ. ಕುಣಿಗಲ್ ಪಕ್ಕದ ಹಳ್ಳಿ, ಮಾವನ ಮನೆ. ನಿಮ್ಮಪ್ಪ ದಾವಣಗೆರೆ ಕಡೆ ಮಿಲ್ಲಿನಲ್ಲಿ ಕೆಲಸ ಹುಡುಕಿಕೊಂಡು ಬರುತ್ತೇನೆಂದು ಹೋದರು. ಹುಡುಕಿಕೊಂಡರೋ, ಇಲ್ಲವೋ — ಬರಲಿಲ್ಲ. ಮೊದಲ ವರ್ಷ ಊರಿನವರು ‘ಬರ್ತಾನೆ ಬುಡು’ ಅಂದರು. ಎರಡನೆಯ ವರ್ಷ ಏನೂ ಅನ್ನಲಿಲ್ಲ. ಮೂರನೆಯ ವರ್ಷದಿಂದ ನನ್ನನ್ನು ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳತೊಡಗಿದರು.

ನಿನಗೆ ಗೊತ್ತಿರಲಿ, ಆ ಕಾಲದಲ್ಲಿ ಗಂಡ ಸತ್ತವಳಿಗೆ ಊರು ‘ಅಯ್ಯೋ ಪಾಪ’ ಅನ್ನುತ್ತಿತ್ತು. ಗಂಡ ಬಿಟ್ಟವಳಿಗೆ ‘ಏನ್ ಮಾಡಿದ್ಲೋ’ ಅನ್ನುತ್ತಿತ್ತು. ಕಳೆ ಕೀಳಲು ಹೋದರೂ ಇದೇ, ನೀರಿಗೆ ಹೋದರೂ ಇದೇ. ನಾನು ಏನು ಮಾಡಿದ್ದೆನೆಂದು ನನಗೇ ಗೊತ್ತಿರಲಿಲ್ಲ. ರಾತ್ರಿಯೆಲ್ಲ ಯೋಚಿಸಿದರೂ ಸಾರಿಗೆ ಉಪ್ಪು ಹೆಚ್ಚಾದದ್ದೊಂದು ನೆನಪಾಗುತ್ತಿತ್ತು.

ಆಗ ಬಂತು ಸರ್ಕಾರದ ಕರೆ. ದಿಕ್ಕಿಲ್ಲದ ಹೆಂಗಸರಿಗೆ ತುಮಕೂರಿನಲ್ಲಿ ಪುಕ್ಕಟೆ ಓದು, ಊಟ, ಇರಲು ಜಾಗ, ಕೈಖರ್ಚಿಗೆ ಅಷ್ಟಿಷ್ಟು. ಏಳನೇ ಕ್ಲಾಸು ಪಾಸಾದವರನ್ನು ಎರಡು ವರ್ಷದಲ್ಲಿ ಎಸ್ಸೆಸ್ಸೆಲ್ಸಿಗೆ ಕೂರಿಸುತ್ತಾರಂತೆ, ಆಮೇಲೆ ಟೀಚರ್ ಟ್ರೈನಿಂಗಂತೆ. ನಾನು ಏಳನೇ ಕ್ಲಾಸು ಪಾಸಾಗಿದ್ದೆ — ನನ್ನ ಮಟ್ಟಿಗೆ ಅದೊಂದು ಬಿಟ್ಟುಹೋಗದ ಆಸ್ತಿ. ನಿನ್ನ ಕೈ ಹಿಡಿದುಕೊಂಡು ಕುಣಿಗಲ್ಲಿಗೆ ಬಂದೆ. ನಿನಗಾಗ ಆರು ವರ್ಷ. ಕೆರೆ ಏರಿ ಕಂಡಕೂಡಲೇ ‘ಅಮ್ಮಾ ಸಮುದ್ರಾ’ ಎಂದು ಕೂಗಿದೆ.

ಹೆಸರು ಬರೆಸುವ ಜಾಗ ಯಾವುದೋ ಕಚೇರಿಯ ಜಗುಲಿ. ಅಲ್ಲಿದ್ದ ವಯಸ್ಸಾದ ಗುಮಾಸ್ತರು ಬಹಳ ಅಚ್ಚುಕಟ್ಟಿನ ಮನುಷ್ಯ. ಹೆಂಗಸರ ಗುಂಪನ್ನು ನೋಡಿ, ಎದ್ದು ನಿಂತು, ರಾಜಾಜ್ಞೆ ಸಾರುವವರ ಹಾಗೆ ಹೇಳಿದರು: ‘ಗಂಡ ತೀರ್ಕೊಂಡಿರೋರು ಈ ಕಂಬದ ಕಡೆ ನಿಂತ್ಕೊಳ್ರಮ್ಮ. ಗಂಡ ಬಿಟ್ಟಿರೋರು ಆ ಕಂಬದ ಕಡೆ.’

ಸುಳ್ಳು ಹೇಳಬೇಕೆಂದು ನಾನು ಮನೆಯಿಂದ ಹೊರಟಿರಲಿಲ್ಲ ಕಣೇ. ನೇರವಾಗಿ ಆ ಕಂಬದ ಕಡೆಗೇ ಹೋದೆ. ಅಲ್ಲಿ ಒಬ್ಬಳೇ ನಿಂತಿದ್ದಳು — ನಿನ್ನ ಜಯಮ್ಮ ಚಿಕ್ಕಮ್ಮ, ಆಗಿನ್ನೂ ಗುರುತಿಲ್ಲ. ಕಾಸಗಲ ಕುಂಕುಮ, ಕೈತುಂಬ ಗಾಜಿನ ಬಳೆ. ಈ ಕಂಬದ ಕಡೆ ವಿಧವೆಯರ ಸಾಲು ಉದ್ದಕ್ಕಿತ್ತು. ಜಗುಲಿಯ ಕೆಳಗೆ ಕೆಲಸಕ್ಕೆ ಬಂದವರು, ಬಾರದವರು, ಗಂಡಸರು ಕೂತಿದ್ದರು.

‘ಏನಮ್ಮೋ, ಯಾಕ್ ಬುಟ್ಟ ನಿನ್ ಗಂಡ?’ ಅಂದ ಒಬ್ಬ.

‘ಅವನ್ನೇ ಕೇಳಪ್ಪಾ. ಸಿಕ್ಕುದ್ರೆ ನಂಗೂ ಒಸಿ ಹೇಳು’ ಅಂದಳು ಜಯಮ್ಮ.

‘ಬಾಯಿ ನೋಡ್ಲಾ! ಇದ್ಕೇ ಬುಟ್ಟವ್ನೆ.’

ಎಲ್ಲ ನಕ್ಕರು. ವಿಧವೆಯರ ಸಾಲಿನಲ್ಲೂ ಒಂದಿಬ್ಬರು ಸೆರಗು ಬಾಯಿಗೆ ಹಿಡಿದು ನಕ್ಕರು. ಜಯಮ್ಮ ನಗಲೂ ಇಲ್ಲ, ಅಳಲೂ ಇಲ್ಲ, ಕಂಬಕ್ಕೆ ಒರಗಿ ನಿಂತಳು. ನಾನು — ಅವಳಿಂದ ಎರಡು ಹೆಜ್ಜೆ ಹಿಂದೆ ಇದ್ದವಳು — ಅಲ್ಲೇ ತಿರುಗಿದೆ. ಜಗುಲಿಯ ಹಿಂದೆ ನಲ್ಲಿ ಇತ್ತು. ಮುಖ ತೊಳೆಯುವ ಹಾಗೆ ಕುಂಕುಮ ತೊಳೆದೆ. ಇದ್ದದ್ದು ಕೈಗೆರಡು ಬಳೆ. ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡೆ. ತಾಳಿಯನ್ನು ರವಿಕೆಯೊಳಗೆ ತಳ್ಳಿದೆ. ನೀನು ಕತ್ತೆತ್ತಿ ಎಲ್ಲವನ್ನೂ ನೋಡುತ್ತಿದ್ದೆ. ನಿನ್ನನ್ನು ಕರೆದುಕೊಂಡು ಬಂದು ಉದ್ದ ಸಾಲಿನ ಕೊನೆಗೆ ನಿಂತೆ. ಯಾರೂ ನಗಲಿಲ್ಲ. ಮುಂದೆ ನಿಂತಿದ್ದ ಮುದುಕಿ ಹಿಂತಿರುಗಿ ‘ಅಯ್ಯೋ, ಎಳೇ ಪ್ರಾಯ’ ಎಂದು ನಿನ್ನ ತಲೆ ಸವರಿದಳು. ಎಷ್ಟೋ ವರ್ಷದ ಮೇಲೆ ಒಬ್ಬರು ನನ್ನನ್ನು ಪಾಪ ಅಂದಿದ್ದರು. ಹಾಯಾಯಿತು — ನಾಚಿಕೆ ಬಿಟ್ಟು ಹೇಳುತ್ತೇನೆ, ಹಾಯಾಯಿತು.

ನನ್ನ ಸರದಿ ಬಂತು. ‘ಗಂಡನ ಹೆಸ್ರೇನಮ್ಮ?’

ನಮ್ಮಲ್ಲಿ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲವೆಂದು ನಿನಗೆ ಗೊತ್ತು. ಅಕ್ಕಪಕ್ಕದವರ ಕೈಲಿ ಹೇಳಿಸುತ್ತಾರೆ, ಇಲ್ಲವೇ ‘ತಿರುಪ್ತಿ ದೇವ್ರು’ ಎಂದೋ ಏನೋ ಸುತ್ತುಬಳಸುತ್ತಾರೆ. ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದಂತೆ. ನಾನು ಮದುವೆಯಾದಂದಿನಿಂದ ಆ ಹೆಸರನ್ನು ನಾಲಿಗೆಯ ಮೇಲೆ ತಂದವಳಲ್ಲ. ಆವತ್ತು ಎಲ್ಲರಿಗೂ ಕೇಳುವಂತೆ ‘ರಂಗಸ್ವಾಮಿ’ ಅಂದೆ. ‘ತೀರ್ಕೊಂಡ್ರು ಸ್ವಾಮಿ’ ಅಂದೆ. ನನ್ನ ಬಾಯಲ್ಲಿ ಅವರ ಹೆಸರು ಬಂದದ್ದೂ ಅವರು ಸತ್ತದ್ದೂ ಒಂದೇ ಉಸಿರಿನಲ್ಲಿ. ನಂಬಿಕೆಗೆ ಇದಕ್ಕಿಂತ ದೊಡ್ಡ ರುಜುವಾತು ಬೇಕೇ?

ನೀನು ಸೆರಗು ಜಗ್ಗಿದೆ. ‘ಅಪ್ಪ ಸತ್ತೋದ್ರಾ ಅಮ್ಮ?’

‘ಹೂಂ.’

ಇಷ್ಟೇ ಅಂದದ್ದು. ನೀನು ಜಗುಲಿಯ ಮೇಲೇ ಕೂತು ಅಳತೊಡಗಿದೆ. ಗುಮಾಸ್ತರು ಪೆನ್ನು ಕೆಳಗಿಟ್ಟು, ಒಳಗಿನಿಂದ ನಿನಗೊಂದು ಬಾಳೆಹಣ್ಣು ತರಿಸಿಕೊಟ್ಟರು. ಅತ್ತದ್ದು ನೀನು, ನಂಬಿಸಿದ್ದು ನಾನು. ನಿನ್ನ ನಿಜವಾದ ಕಣ್ಣೀರಿನ ಮೇಲೆ ನನ್ನ ಸುಳ್ಳು ನಿಂತಿತು.

ಊರಲ್ಲಿ ಯಾರೂ ತಕರಾರು ಮಾಡಲಿಲ್ಲವೇ ಎಂದು ಕೇಳುತ್ತೀಯ. ವಿಚಾರಣೆಗೆ ಬಂದವರ ಮುಂದೆ ನಿನ್ನ ದೊಡ್ಡಪ್ಪನೇ ನಿಂತು ‘ಹೌದು ಸ್ವಾಮಿ, ಹೋಗ್ಬಿಟ್ಟ ನನ್ ತಮ್ಮ’ ಎಂದು ಸೆರಗಿಲ್ಲದ ಕಾರಣ ಟವಲಿನಲ್ಲೇ ಕಣ್ಣೊರೆಸಿಕೊಂಡರು. ತಮ್ಮನ ಪಾಲಿಗೆ ಬರಬೇಕಾದ ಎರಡು ತುಂಡು ಹೊಲ ಆ ಸಾವಿನಿಂದ ಅವರ ಹೊಲಕ್ಕೆ ಕೂಡಿಕೊಂಡವು. ನಾನು ಬಾಯಿ ತೆರೆಯಲಿಲ್ಲ. ಅವರು ನನ್ನ ಸುಳ್ಳನ್ನು ಕಾಯ್ದರು, ನಾನು ಅವರ ಲಾಭವನ್ನು ಕಾಯ್ದೆ. ಇಷ್ಟು ಹೊಂದಾಣಿಕೆ ಆ ಮನೆಯಲ್ಲಿ ಮೊದಲೆಂದೂ ಇರಲಿಲ್ಲ.

ನಿನ್ನನ್ನು ಹಾಗಲವಾಡಿಯಲ್ಲಿ ನಮ್ಮಮ್ಮನ ಹತ್ತಿರ ಬಿಟ್ಟು ತುಮಕೂರಿಗೆ ಹೋದೆ. ಮೊದಲ ದಿನ ಚಾಪೆ ಹಾಸಿಕೊಳ್ಳುತ್ತಿದ್ದೇನೆ, ಪಕ್ಕದ ಚಾಪೆಗೆ ಬಂದವಳು — ಜಯಮ್ಮ! ಅದೇ ಕುಂಕುಮ, ಅದೇ ಬಳೆ.

‘ನಂಗೂ ಸಿಕ್ತು ಕಣಕ್ಕ’ ಅಂದಳು.

‘ಗಂಡ ಬಿಟ್ಟೋರಿಗೂ ಕೊಡ್ತಾರಾ?’

‘ಇಬ್ರಿಗೂ ಒಂದೇಯಂತೆ. ಬರ್ಕೊಳೋಕೆ ಸಲೀಸಾಗ್ಲಿ ಅಂತ ಆವಯ್ಯ ಬೇರೆ ಬೇರೆ ನಿಲ್ಸಿದ್ದಂತೆ.’

ಸರ್ಕಾರ ನನ್ನ ಗಂಡನ ಹೆಣ ಕೇಳಿರಲಿಲ್ಲ. ನಾನಾಗಿಯೇ ಒಯ್ದು ಕೊಟ್ಟಿದ್ದೆ. ಆಮೇಲೆ ನನಗೆ ನಾನೇ ‘ಹೊಟ್ಟೆಪಾಡಿಗೆ ಹೇಳಿದೆ, ಮಗಳಿಗಾಗಿ ಹೇಳಿದೆ’ ಎಂದುಕೊಳ್ಳಬಹುದಿತ್ತು — ಎಷ್ಟೋ ಸಲ ಅಂದುಕೊಂಡೂ ಇದ್ದೇನೆ. ಅದು ಸುಳ್ಳು. ನಾಲ್ಕು ಜನ ನಕ್ಕರಲ್ಲ, ಅದಕ್ಕೆ ಹೇಳಿದೆ. ಅಷ್ಟಕ್ಕೇ.

ಓದಿದೆ. ಓದಿದ್ದರ ಬಗ್ಗೆ ಮಾತ್ರ ನನಗೆ ನಾಚಿಕೆಯಿಲ್ಲ. ಮೂವತ್ತು ಸಮೀಪಿಸುತ್ತಿದ್ದ ಹೆಂಗಸರು ಬೀಜಗಣಿತದ ಮುಂದೆ ಕೂತು ಗೋಳೋ ಎಂದದ್ದು, ಜಯಮ್ಮ ‘ಈ ಎಕ್ಸು ಯಾವನಕ್ಕ, ಇವನನ್ನೂ ನಾವೇ ಹುಡುಕ್ಬೇಕಾ’ ಅಂದದ್ದು — ನಗುನಗುತ್ತಲೇ ಪಾಸಾದೆವು. ಟ್ರೈನಿಂಗೂ ಆಯಿತು. ಅವಳಿಗೆ ನಿಟ್ಟೂರಿನ ಕಡೆ ಕೆಲಸ, ನನಗೆ ಗುಬ್ಬಿಯ ಹತ್ತಿರ. ಮೊದಲ ಸಂಬಳದಲ್ಲಿ ನಿನಗೆ ಚಪ್ಪಲಿ ಕೊಡಿಸಿದೆ. ಸವೆಯುತ್ತದೆಂದು ನೀನು ಅದನ್ನು ಕೈಯಲ್ಲಿ ಹಿಡಿದುಕೊಂಡು ಓಡಾಡಿದೆ. ಸರ್ಕಾರದ ಅನ್ನ ತಿಂದು ಮೇಲೆದ್ದವಳು ನಾನು. ಅದನ್ನು ಯಾರು ಹೀಯಾಳಿಸಿದರೂ ಈಗಲೂ ಜಗಳಕ್ಕೆ ನಿಲ್ಲುತ್ತೇನೆ. ಅನ್ನದಲ್ಲಿ ತಪ್ಪಿರಲಿಲ್ಲ.

ಟೀಚರಮ್ಮ ಆದ ಮೇಲೆ ಎಡೆ ಇಡದೆ ವಿಧಿಯಿಲ್ಲ. ವಠಾರದವರೆಲ್ಲ ತಮ್ಮ ತಮ್ಮ ಸತ್ತವರಿಗೆ ಅವರವರಿಗೆ ಇಷ್ಟವಾದ್ದನ್ನು ಮಾಡಿ, ಹೊಸ ಬಟ್ಟೆ ಇಟ್ಟು, ಕೈಮುಗಿಯುವಾಗ ನಾನೊಬ್ಬಳು ಸುಮ್ಮನಿರಲಾಗುತ್ತದೆಯೇ? ‘ಅಪ್ಪಂಗೆ ಏನಿಷ್ಟ ಅಮ್ಮ?’ ಎಂದು ನೀನು ಕೇಳಿದೆ. ನಾನು ಗಾಬರಿಯಲ್ಲಿ ‘ಒಬ್ಬಟ್ಟು’ ಅಂದೆ. ಒಬ್ಬಟ್ಟು ಇಷ್ಟವಿದ್ದದ್ದು ನನಗೆ. ನಿಮ್ಮಪ್ಪ ಸಿಹಿ ಕಂಡರೆ ಎದ್ದುಹೋಗುವವರು. ಆಮೇಲೆ ನೀನು ಒಂದೊಂದಾಗಿ ಕೇಳುತ್ತ ಬಂದೆ, ನಾನು ಒಂದೊಂದಾಗಿ ಹೊಲಿಯುತ್ತ ಬಂದೆ — ಹಾಡುತ್ತಿದ್ದರು, ಎತ್ತರವಿದ್ದರು, ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗುತ್ತಿದ್ದರು. ಹೆಗಲ ಮೇಲೆ ಕೂರಿಸಿಕೊಂಡದ್ದೊಂದು ನಿಜ. ಉಳಿದದ್ದೆಲ್ಲ ನನ್ನ ಸೃಷ್ಟಿ. ಬ್ರಹ್ಮನಿಗೂ ಇಷ್ಟು ಒಳ್ಳೆಯ ಗಂಡಸನ್ನು ಮಾಡಲು ಬಂದಿಲ್ಲ.

ನೀನು ತುಮಕೂರಿನಲ್ಲಿ ಪಿಯುಸಿ ಓದುತ್ತಿದ್ದಾಗ ಅವರು ಬಂದರು.

ಮಧ್ಯಾಹ್ನ ಮಕ್ಕಳು ಊಟಕ್ಕೆ ಹೋಗಿದ್ದವು. ಶಾಲೆಯ ಬಾಗಿಲಲ್ಲಿ ಒಬ್ಬರು ನಿಂತರು. ತಲೆ ಪೂರಾ ಬೆಳ್ಳಗೆ, ಬೆನ್ನು ಬಾಗಿತ್ತು, ಅರ್ಧ ಹಲ್ಲಿಲ್ಲ. ಯಾರದೋ ತಾತ ಅಂದುಕೊಂಡು ‘ಯಾವ ಮಗು ಬೇಕಾಗಿತ್ತು?’ ಅಂದೆ.

‘ನಂದೇ ಮಗು’ ಅಂದರು.

ದನಿಯಿಂದ ಗುರುತು ಸಿಕ್ಕಿತು.

‘ಊರಿಗೋಗಿದ್ದೆ ಕಣೇ ಗಂಗಾ. ನಾನ್ ಸತ್ತೋಗಿದೀನಂತಲ್ಲ? ಅಣ್ಣ ನನ್ ನೋಡಿ ಬಾಗ್ಲಾಕೊಂಡ. ದೆವ್ವ ಅಂತ ಎದ್ರುಕೊಂಡ್ನೋ, ಹೊಲ ಕೇಳ್ತಾನೆ ಅಂತ ಎದ್ರುಕೊಂಡ್ನೋ ಗೊತ್ತಾಗ್ಲಿಲ್ಲ.’ ಸ್ವಲ್ಪ ನಕ್ಕರು. ಆಮೇಲೆ, ‘ನೀನೇ ನನ್ ಹೆಸ್ರೇಳಿ ಬರ್ಸಿದ್ಯಂತೆ?’

‘ಹೂಂ.’

‘ಸರಿ ಬುಡು. ಹೋದೋನು ಹೋದಂಗೇ. ನಾನೇನ್ ಕೇಳಾಕ್ ಬಂದಿಲ್ಲ. ಮಗೀನ್ ಒಂದ್ಸಲ ತೋರ್ಸು.’

ಯಾಕೆ ಹೋದಿರಿ, ಎಲ್ಲಿದ್ದಿರಿ ಎಂದು ನಾನು ಕೇಳಬಹುದಿತ್ತು. ಕೇಳುವ ಹಕ್ಕೂ ಇತ್ತು. ಕೇಳಲಿಲ್ಲ — ನನಗೆ ಉತ್ತರ ಬೇಡವಾಗಿತ್ತು, ಆ ಮನುಷ್ಯ ಅಲ್ಲಿಂದ ಹೊರಡುವುದಷ್ಟೇ ಬೇಕಾಗಿತ್ತು. ತಂದೆಯಿಲ್ಲದ ಮಗುವೆಂದು ನಿನಗೆ ಹಾಸ್ಟೆಲ್ಲಿನಲ್ಲಿ ಜಾಗ ಸಿಕ್ಕಿತ್ತು. ನನ್ನ ಕೆಲಸ, ನಿನ್ನ ಓದು, ಎರಡೂ ಹೋಗುತ್ತವೆ, ಜೈಲಾಗುತ್ತದೆ ಎಂದು ಅವರನ್ನು ಹೆದರಿಸಿದೆ. ನಾನೂ ಹೆದರಿದ್ದೆ, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕಿಂತ ಹೆಚ್ಚು ಹೆದರಿದ್ದು ಆ ವಠಾರಕ್ಕೆ, ನಿನ್ನ ಮುಖಕ್ಕೆ. ಕೊನೆಗೆ ನಾನು ಆಡಿದ ಮಾತು ಇದು, ಅಕ್ಷರ ತಪ್ಪದೆ ಬರೆಯುತ್ತೇನೆ:

‘ಅವಳನ್ನ ನಿಮಗೆ ತೋರ್ಸ್ತೀನಿ. ನಿಮ್ಮನ್ನ ಅವಳಿಗೆ ತೋರ್ಸಲ್ಲ.’

ಅವರು ತಲೆಯಾಡಿಸಿದರು. ಈಗ ನಿಟ್ಟೂರಿನಲ್ಲಿ ಸೈಕಲ್ ಶಾಪ್ ಇಟ್ಟುಕೊಂಡಿದ್ದೇನೆ ಎಂದಷ್ಟೇ ಹೇಳಿದರು. ದಸರಾ ರಜಕ್ಕೆ ನಿನ್ನನ್ನು ಕರೆತರುವ ದಿನ, ಬಸ್ಸಿನ ಹೊತ್ತು, ಎರಡೂ ಹೇಳಿ ಕಳಿಸಿದೆ.

ಆ ಬಸ್ಸು ನಿನಗೆ ನೆನಪಿದೆಯೋ ಇಲ್ಲವೋ. ತುಮಕೂರಿನಲ್ಲೇ ತುಂಬಿ ತುಳುಕುತ್ತಿತ್ತು. ನಾನು ಕಿಟಕಿಯ ಪಕ್ಕ, ನೀನು ನನ್ನ ಪಕ್ಕ, ಪುಸ್ತಕದ ಚೀಲ ತೊಡೆಯ ಮೇಲೆ. ಅವರು ಹತ್ತಿ ಕಂಬಿ ಹಿಡಿದು ನಿಂತರು. ದೂರ ನಿಂತು ನೋಡಿಕೊಂಡು ಹೋಗುತ್ತಾರೆಂದು ನಾನು ಲೆಕ್ಕ ಹಾಕಿದ್ದೆ. ನೀನು ಎದ್ದೆ.

‘ಬನ್ನಿ ತಾತ, ಕೂತ್ಕೊಳ್ಳಿ.’

ಅವರಿಗಾಗ ಐವತ್ತೂ ಆಗಿರಲಿಲ್ಲ. ನನ್ನನ್ನೊಮ್ಮೆ ನೋಡಿ ಕೂತರು. ನಿಂತವರ ಸಾಮಾನನ್ನು ಕೂತವರು ಹಿಡಿದುಕೊಳ್ಳುವುದು ನಮ್ಮ ಬಸ್ಸುಗಳ ಧರ್ಮವಲ್ಲವೇ — ಕೈಚಾಚಿ ‘ಪುಸ್ತಕ ಕೊಡು ಮಗಾ, ಇಟ್ಕೋತೀನಿ’ ಅಂದರು. ನೀನು ಕೊಟ್ಟೆ. ಆ ಚೀಲವನ್ನು ಅವರು ಎರಡೂ ಕೈಯಲ್ಲಿ ತಬ್ಬಿ ಹಿಡಿದರು. ನನ್ನ ಗಂಡ ನನ್ನ ಪಕ್ಕದಲ್ಲಿ, ತೋಳಿಗೆ ತೋಳು ತಾಗುವಷ್ಟು ಹತ್ತಿರ. ನಾನು ಹೊರಗೆ ನೋಡುತ್ತ ಕೂತೆ.

‘ಏನೋದ್ತಿದ್ದೀಯ ಮಗಾ?’

‘ಪಿಯುಸಿ, ಸೈನ್ಸು.’

‘ನಿಮ್ಮಪ್ಪ ಏನ್ ಮಾಡ್ಕೊಂಡವ್ರೆ?’

ನಾನು ಕಿಟಕಿಯ ಕಡೆ ಇನ್ನಷ್ಟು ತಿರುಗಿದೆ.

‘ಅಪ್ಪ ಇಲ್ಲ ತಾತ. ನಾನು ಚಿಕ್ಕೋಳಿದ್ದಾಗ್ಲೇ ತೀರ್ಕೊಂಡ್ರು.’

‘ಅಯ್ಯೋ. ಒಳ್ಳೇವ್ರಾ?’

‘ತುಂಬಾ ಒಳ್ಳೇವ್ರಂತೆ. ಅಮ್ಮ ಹೇಳ್ತಾರೆ. ಹಾಡ್ತಿದ್ರಂತೆ. ಒಬ್ಬಟ್ಟು ಅಂದ್ರೆ ಪ್ರಾಣವಂತೆ.’

‘ಒಬ್ಬಟ್ಟಾ?’ ಅಂದರು. ನಗು ಬಂತು ಅವರಿಗೆ, ಆದರೆ ನಗಲಿಲ್ಲ. ಆಮೇಲೆ, ಯಾರಿಗೆಂದಿಲ್ಲದೆ, ‘ಅಂಗಾದ್ರೆ ಸರಿ’ ಅಂದರು.

ಅಷ್ಟು ಹೊತ್ತಿನಲ್ಲಿ ನಾನು ಒಂದು ಮಾತು ಆಡಿದ್ದರೆ ಸಾಕಾಗಿತ್ತು. ಇವರೇ ಕಣೇ — ಎರಡೇ ಪದ. ಹೆಗ್ಗೆರೆ ದಾಟಿತು, ಊರುಗಳು ಒಂದೊಂದಾಗಿ ದಾಟಿದವು, ಗುಬ್ಬಿ ಬಂತು. ನೀನು ಚೀಲ ಈಸಿಕೊಂಡು ‘ಬರ್ತೀನಿ ತಾತ’ ಅಂದೆ. ಅವರು ‘ಚೆನ್ನಾಗೋದು ಮಗಾ’ ಅಂದರು. ಅದೇ ಬಸ್ಸಿನಲ್ಲಿ ಮುಂದೆ ಹೋದರು. ದಾರಿಯಲ್ಲಿ ನೀನು ‘ಪಾಪ ಅಮ್ಮ, ಆ ತಾತ ನನ್ ಚೀಲ ತಬ್ಕೊಂಡೇ ಕೂತಿದ್ರು’ ಅಂದೆ. ‘ವಯಸ್ಸಾಗಿದೆ’ ಅಂದೆ ನಾನು. ಆ ವಾರವೇ ಮಹಾಲಯ ಮುಗಿದಿತ್ತು; ಎಡೆಗೆ ಇಟ್ಟಿದ್ದ ಹೊಸ ಪಂಚೆ ಇನ್ನೂ ಮಡಿಕೆ ಬಿಚ್ಚದೆ ಪೆಟ್ಟಿಗೆಯಲ್ಲಿತ್ತು. ಬಸ್ಸಿನಲ್ಲಿದ್ದ ಮನುಷ್ಯನ ಪಂಚೆ ಹರಿದಿತ್ತು.

ಅವರು ಮಾತು ಉಳಿಸಿಕೊಂಡರು. ಮತ್ತೆ ಬರಲಿಲ್ಲ. ನೀನು ಡಿಗ್ರಿ ಮುಗಿಸಿದೆ, ಹಾಸ್ಟೆಲ್ಲಿನ ಹಂಗು ತೀರಿತು, ನಿನಗೂ ಕೆಲಸವಾಯಿತು. ಹೆದರಲು ಏನೂ ಉಳಿದಿರಲಿಲ್ಲ. ನಾಳೆ ಹೇಳೋಣ ಅಂದುಕೊಂಡೆ. ನಿನ್ನ ಮದುವೆಯಾಗಲಿ ಅಂದುಕೊಂಡೆ. ಮದುವೆಯ ಕರೆಯೋಲೆಯಲ್ಲಿ ‘ದಿವಂಗತ ರಂಗಸ್ವಾಮಿಯವರ ಪುತ್ರಿ’ ಎಂದು ಅಚ್ಚಾಯಿತು. ಅಚ್ಚಾದದ್ದನ್ನು ಸುಳ್ಳೆನ್ನುವುದು ಹೇಗೆ?

ಒಂದು ದಿನ ಜಯಮ್ಮ ಬಂದಳು. ಕಾಫಿ ಕುಡಿಯುತ್ತ, ಆ ಮಾತು ಈ ಮಾತಿನ ನಡುವೆ: ‘ನಮ್ ಸ್ಕೂಲತ್ರ ಸೈಕಲ್ ಶಾಪಿನ್ ರಂಗಸ್ವಾಮಪ್ಪ ಹೋಗ್ಬಿಟ್ಟ ಕಣಕ್ಕ. ಮಕ್ಕಳ ಚೆಂಡಿಗೆಲ್ಲ ಗಾಳಿ ಹೊಡ್ಕೊಡ್ತಿದ್ದ, ಒಳ್ಳೇ ಮನ್ಷ. ಯಾರೂ ಇರ್ಲಿಲ್ಲ ಪಾಪ. ಊರೋರೇ ಸೇರ್ಕೊಂಡು ಮಣ್ಣು ಮಾಡಿದ್ರು.’

‘ಯಾರೋ ಪಾಪ’ ಅಂದೆ. ಅವಳ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದೆ. ಅಳಲು ನನಗೆ ದಾರಿಯಿರಲಿಲ್ಲ. ತೆಗೆಯಲು ಬಳೆಯಿಲ್ಲ, ಅಳಿಸಲು ಕುಂಕುಮವಿಲ್ಲ. ಅವೆಲ್ಲವನ್ನೂ ಮುಂಗಡವಾಗಿ ಖರ್ಚು ಮಾಡಿದ್ದೆ.

ಇದಾಗಿಯೂ ಎಷ್ಟು ವರ್ಷ ಸುಮ್ಮನಿದ್ದೆನೋ ನೋಡು. ಹೋದ ತಿಂಗಳು ಜಯಮ್ಮನಿಗೆ ಎಲ್ಲ ಹೇಳಿಬಿಟ್ಟೆ. ಮುದುಕಿಯಾಗಿದ್ದಾಳೆ, ಕಿವಿ ಮಂದ. ಕೂಗಿ ಕೂಗಿ ಹೇಳಬೇಕಾಯಿತು. ಆತ್ಮನಿವೇದನೆಗೆ ತಕ್ಕ ಸನ್ನಿವೇಶವೇನಲ್ಲ. ಪೂರ್ತಿ ಕೇಳಿಸಿಕೊಂಡು ಅವಳು ಅಂದದ್ದು ಒಂದೇ:

‘ಮಗಳಿಗೇಳಿದೀಯಾ?’

‘ಇಲ್ಲ.’

‘ಮತ್ತೆ ನಂಗ್ಯಾಕೇಳ್ತೀಯ?’

ಅದಕ್ಕೆ ಇದನ್ನು ಬರೆದೆ. ಎದುರಿಗೆ ಹೇಳಿದರೆ ನಾನು ಮಧ್ಯದಲ್ಲಿ ಅತ್ತು, ನೀನು ಸಮಾಧಾನ ಮಾಡಿ, ಎಲ್ಲ ಕೆಟ್ಟುಹೋಗುತ್ತದೆ. ನೀನು ಸಮಾಧಾನ ಮಾಡುವುದು ನನಗೆ ಬೇಡ.

ಬಿಟ್ಟುಹೋದ ತಪ್ಪು ಅವರದು. ಅದನ್ನು ನಾನು ತೊಳೆಯುವುದಿಲ್ಲ. ಆದರೆ ಬಂದ ತಂದೆಯನ್ನು ನೋಡುವುದೋ ಬೇಡವೋ, ಬೈಯುವುದೋ ಕ್ಷಮಿಸುವುದೋ — ಅದು ನಿನ್ನದಾಗಿತ್ತು. ಅದನ್ನು ನಾನು ನಿನ್ನ ಕೈಯಿಂದ ಕಸಿದುಕೊಂಡೆ. ಕೊಡಲು ಈಗ ನನ್ನ ಹತ್ತಿರ ಅದಿಲ್ಲ.

ಮಣ್ಣು ಮಾಡಿದ ಜಾಗ ಜಯಮ್ಮನಿಗೆ ಗೊತ್ತು. ರೈಲು ಹಳಿಯ ಆಚೆ, ಗುರುತಿಗೆ ಏನೂ ಇಲ್ಲವಂತೆ, ತೋರಿಸುತ್ತೇನೆ ಅಂದಿದ್ದಾಳೆ. ನೀನು ಒಬ್ಬಳೇ ಹೋಗುತ್ತೀಯಾದರೆ ಒಬ್ಬಳೇ ಹೋಗು, ನಾನು ಮನೆಯಲ್ಲಿರುತ್ತೇನೆ. ಕರೆದರೆ ಬರುತ್ತೇನೆ. ಬಂದು ದೂರ ನಿಲ್ಲುತ್ತೇನೆ.